ಚಾರ್ಟಿನಲ್ಲಿ ನನ್ನ ಹೆಸರು

ಮೇ 2, ಶುಕ್ರವಾರ

ಈ ಡೈರಿ ಜನವರಿಯಲ್ಲಿ ಔಷಧ ಕಂಪನಿಯ ರೆಪ್ ಕೊಟ್ಟದ್ದು. ಪ್ರತಿ ಪುಟದ ಅಡಿಯಲ್ಲಿ ಎದೆಯುರಿಯ ಮಾತ್ರೆಯ ಜಾಹೀರಾತು. ನಾಲ್ಕು ತಿಂಗಳು ಕಪಾಟಿನಲ್ಲಿ ಸೀರೆಗಳ ಕೆಳಗೆ ಬಿದ್ದಿತ್ತು. ಇವತ್ತು ಹೊರಗೆ ತೆಗೆದದ್ದು ಏಲಿಯಮ್ಮ ಸಿಸ್ಟರ್ ಹೇಳಿದ್ದಕ್ಕೆ.

ಅವರು ನಮ್ಮ ಆಸ್ಪತ್ರೆಯ ನರ್ಸಿಂಗ್ ಇನ್‌ಚಾರ್ಜ್. ಇಪ್ಪತ್ತೆರಡು ವರ್ಷದಿಂದ ಕಡಬದಿಂದ ಪುತ್ತೂರಿಗೆ ಬಂದು ಹೋಗುವವರು. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನನ್ನು ಪಕ್ಕಕ್ಕೆ ಕರೆದರು. ಮಗಳೇ ಎನ್ನುವುದನ್ನು ಅವರು ಮಲಯಾಳದಲ್ಲೇ ಹೇಳುವುದು.

"ಮೋಳೇ, ನನ್ನ ಮೊಣಕಾಲು ರಾಜೀನಾಮೆ ಕೊಟ್ಟಾಯ್ತು. ಈ ತಿಂಗಳ ಕೊನೆಗೆ ನಾನೂ ಕೊಡುದು. ನನ್ನ ಕುರ್ಚಿಗೆ ನಿನ್ನ ಹೆಸರು ಹೇಳಿದ್ದೇನೆ."

ನನ್ನ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಉರುಳಿಕೊಂಡು ಎಕ್ಸ್‌ರೇ ಕೋಣೆಯ ತನಕ ಹೋಯಿತು. ನನ್ನ ಮುಖ ನೋಡಿ ಅವರಿಗೆ ನಗು. "ಹೆದರಿಕೆಯನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡು. ಡ್ಯೂಟಿ ಬಿಡುವಾಗ ಮುಂದಿನವರಿಗೆ ಹ್ಯಾಂಡೋವರ್ ಕೊಡುದಿಲ್ವಾ, ಹಾಗೆ. ಪುಸ್ತಕಕ್ಕೆ ಕೊಟ್ಟ ಮೇಲೆ ನೀನು ಮನೆಗೆ ಹೋಗ್ಬಹುದು."

ಹಾಗಾದರೆ ಹ್ಯಾಂಡೋವರ್ ಕೊಡುತ್ತೇನೆ. ನನಗೆ ಸರಿಯಾದ ಇಂಗ್ಲಿಷ್ ಬಾರದು. ಕಂಪ್ಯೂಟರ್ ಕಂಡರೆ ಬೆರಳು ಬೆವರುತ್ತದೆ. ಹತ್ತನೆಯಲ್ಲಿ ಗಣಿತದಲ್ಲಿ ಎರಡು ಸಲ ಫೇಲು, ಮಧ್ಯೆ ಮೂರು ವರ್ಷ ಬೀಡಿ ಕಟ್ಟಿದ್ದು, ಪಿಯುಸಿ ಮನೆಯಲ್ಲೇ ಕೂತು ಓದಿ ಬರೆದದ್ದು, ನರ್ಸಿಂಗಿಗೆ ಸೇರುವಾಗ ನನ್ನ ಜೊತೆಯವರಿಗೆ ಹದಿನೆಂಟು, ನನಗೆ ಇಪ್ಪತ್ತಾರು. ಇಂಥ ತುಂಡು ತುಂಡು ಓದಿನವಳು ಹದಿನೆಂಟು ನರ್ಸುಗಳ ಮೇಲೆ ಕೂರುವುದು ಹೇಗೆ? ಯಾರಾದರೂ "ನಿಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ ಎಷ್ಟು" ಎಂದು ಕೇಳಿದರೆ? ಮೂವತ್ತು ವರ್ಷದಿಂದ ಯಾರೂ ಕೇಳಿಲ್ಲ, ಆದರೆ ಕೇಳಲಾರರು ಎಂದು ಹೇಳುವುದು ಹೇಗೆ.

ಬೆಳಿಗ್ಗೆ ಗ್ಯಾಸ್ ಆಫ್ ಮಾಡಿದ್ದೇನಾ ಎಂದು ಬಸ್‌ಸ್ಟ್ಯಾಂಡಿನಿಂದ ಎರಡು ಸಲ ವಾಪಸು ಬಂದಿದ್ದೆ. ಎರಡು ಸಲವೂ ಆಫ್ ಆಗಿತ್ತು.

ಮೇ 4, ಭಾನುವಾರ

ಸಂಬಳದ ವಿಷಯ ದೊಡ್ಡ ಡಾಕ್ಟ್ರು ನಿನ್ನೆ ಹೇಳಿದರು. ಆಸ್ಪತ್ರೆ ಅವರದೇ. ಇನ್‌ಚಾರ್ಜಿಗೆ ರಾತ್ರಿ ಪಾಳಿ ಇಲ್ಲ, ಹಾಗಾಗಿ ನೈಟ್ ಭತ್ಯೆ ಇಲ್ಲ, ಡಬಲ್ ಡ್ಯೂಟಿಯ ದುಡ್ಡೂ ಇಲ್ಲ. ಈಗ ಕೈಗೆ ಬರುವುದಕ್ಕಿಂತ ತಿಂಗಳಿಗೆ ಮೂರು ಸಾವಿರದ ಎಂಟುನೂರು ಕಮ್ಮಿ. ಇಪ್ಪತ್ತಮೂರನೇ ತಾರೀಕಿನ ಒಳಗೆ ಹೌದೋ ಅಲ್ಲವೋ ಹೇಳಬೇಕು. ಅಲ್ಲ ಎಂದರೆ ಮಂಗಳೂರಿನಿಂದ ಒಬ್ಬರು ಬರುತ್ತಾರಂತೆ.

ಇವತ್ತು ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ಅತ್ತೆ ಮಜ್ಜಿಗೆಯ ಲೋಟ ಕೆಳಗಿಟ್ಟರು.

"ದೊಡ್ಡವಳಾದ್ರೆ ಸಂಬಳ ಕಮ್ಮಿ ಆಗುದು ಎಲ್ಲಿಯ ಕ್ರಮ?"

ಇವರು ಬೆಳ್ಳಾರೆ–ಪುತ್ತೂರು ಬಸ್ಸಿನಲ್ಲಿ ಕಂಡಕ್ಟರ್. ಯಾವ ವಿಷಯ ಬಂದರೂ ಬಸ್ಸಿಗೆ ತಂದು ನಿಲ್ಲಿಸುತ್ತಾರೆ. "ಬಸ್‌ಸ್ಟ್ಯಾಂಡಿನ ಟೈಮ್ ಕೀಪರಿಗೆ ಡ್ರೈವರಿಗಿಂತ ಸಂಬಳ ಕಮ್ಮಿ ಅಮ್ಮ. ಆದ್ರೆ ಅವ ಸೀಟಿ ಊದದೆ ಒಂದು ಬಸ್ಸೂ ಹೊರಡುದಿಲ್ಲ."

"ನಂಗೆ ಸೀಟಿ ಊದ್ಲಿಕ್ಕೆ ಗೊತ್ತಿಲ್ಲ" ಎಂದೆ.

"ಗೊತ್ತಿಲ್ಲದೆ ಇಪ್ಪತ್ತು ವರ್ಷದಿಂದ ನಂಗೆ ಊದ್ತಾ ಇದ್ದಿ ಅಲ್ಲ ಮಾರಾಯ್ತಿ."

ಮಗಳು ಸಮೀಕ್ಷಾ ನಗಲಿಲ್ಲ. ಅವಳ ಲೆಕ್ಕ ಬೇರೆ. ಮೂರು ಸಾವಿರದ ಎಂಟುನೂರು ಎಂದರೆ ಸರಿಯಾಗಿ ಸ್ಕೂಟರಿನ ಕಂತು. ಜೂನಿನಲ್ಲಿ ತೆಗೆಯುವುದು ಎಂದು ನಾವಿಬ್ಬರೂ ನಿಶ್ಚಯ ಮಾಡಿದ್ದೆವು. ಶೋರೂಮಿನಲ್ಲಿ ನೀಲಿ ಬಣ್ಣದ್ದರ ಮೇಲೆ ಕೂತು ಕನ್ನಡಿಯನ್ನೂ ಸರಿ ಮಾಡಿ ಬಂದಿದ್ದೇನೆ. ಇಪ್ಪತ್ತು ವರ್ಷ ಬಸ್ಸಿನ ಕಂಬಿ ಹಿಡಿದು ಸಾಕಾಗಿದೆ. ಕಂಡಕ್ಟರನ ಹೆಂಡತಿ ಎಂದು ನನಗೇನೂ ಸೀಟು ಹಿಡಿದಿಡುವುದಿಲ್ಲ, ಬಾಕಿಯವರಿಗಿಂತ ಜೋರಾಗಿ "ಮುಂದೆ ಹೋಗಿ" ಎನ್ನುತ್ತಾರೆ.

ಬೇಡ ಎಂದೇ ಹೇಳುವುದು ಒಳ್ಳೆಯದು. ನಾಳೆ ಹೇಳುತ್ತೇನೆ.

ಮೇ 5, ಸೋಮವಾರ

ಹೇಳಲಿಲ್ಲ. ದೊಡ್ಡ ಡಾಕ್ಟ್ರಿಗೆ ಆಪರೇಶನ್ ಇತ್ತು.

ಅಮೀರಾಳಿಗೆ ಹೇಗೋ ಗೊತ್ತಾಗಿದೆ. ಅವಳು ತಿಂಗಳಾಡಿಯ ಹುಡುಗಿ, ನಮ್ಮಲ್ಲಿಗೆ ಬಂದು ಮೂರು ವರ್ಷ. ಡ್ರೆಸ್ಸಿಂಗ್ ಟ್ರೇ ಒರೆಸುತ್ತಾ ನನ್ನ ಪಕ್ಕ ಬಂದು ನಿಂತಳು.

"ವಾರಿಜಕ್ಕ, ಮಂಗಳೂರಿನವರದ್ದು ಕಂಪ್ಯೂಟರ್ ಚಾರ್ಟಂತೆ. ಸೆಕೆಂಡ್ ಶಿಫ್ಟು ರಾತ್ರಿ ಎಂಟು ಗಂಟೆ ತನಕ ಅಂದ್ರೆ ಎಂಟೇ ಗಂಟೆಯಂತೆ. ನಮ್ಮ ಕಡೆಗೆ ಕಡೇ ಬಸ್ಸು ಏಳೂ ನಲ್ವತ್ತಕ್ಕೆ. ಏಲಿಯಮ್ಮ ಸಿಸ್ಟರ್ ಏಳೂವರೆಗೆ ಬಿಡ್ತಿದ್ರು. ಮಂಗಳೂರಿನವರು ಬಿಡ್ಲಿಕ್ಕಿಲ್ಲ. ಮತ್ತೆ ನಾನು ಕೆಲಸ ಬಿಡುದೇ."

ಎಷ್ಟು ಸಾದಾ ಹೇಳಿದಳು. ಟ್ರೇ ಮಾತ್ರ ಒರೆಸಿದ್ದನ್ನೇ ಒರೆಸುತ್ತಿದ್ದಳು.

ಮೇ 7, ಬುಧವಾರ

ಮರ್ಯಾದೆ ಹೋಯಿತು. ಬರೆದು ಮುಗಿಸುತ್ತೇನೆ.

ಏಲಿಯಮ್ಮ ಸಿಸ್ಟರ್ ಹನ್ನೆರಡರಿಂದ ಇಪ್ಪತ್ತೈದರ ತನಕದ ಡ್ಯೂಟಿ ಚಾರ್ಟನ್ನು ನನ್ನಿಂದ ಮಾಡಿಸಿದರು. "ಒಪ್ಪುದು ಬಿಡುದು ಮತ್ತೆ. ಒಮ್ಮೆ ಮಾಡಿ ನೋಡು." ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ ಮೂರು ದಿನ ಕೂತೆ. ಯಾರು ಯಾವ ಊರಿನಿಂದ, ಯಾವ ಬಸ್ಸಿಗೆ ಬರುತ್ತಾರೆ, ಯಾರ ಮನೆಯಲ್ಲಿ ಸಣ್ಣ ಮಗು ಉಂಟು, ಆಲಂಕಾರಿನ ಬಸ್ಸು ಶನಿವಾರ ಎಷ್ಟು ತಡ, ಇದೆಲ್ಲ ನನಗೆ ಬಾಯಿಪಾಠ. ಆದ್ದರಿಂದ ಯಾರಿಗೂ ಕಷ್ಟ ಆಗದ ಹಾಗೆ ಚಾರ್ಟ್ ಬಂತು. ಒಳಗಿಂದೊಳಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು, ಸುಳ್ಳು ಯಾಕೆ ಹೇಳುವುದು.

ಸಿಸ್ಟರ್ ಕನ್ನಡಕ ಏರಿಸಿ, ಕೆಂಪು ಪೆನ್ನು ತೆಗೆದು ಒಂದೊಂದೇ ಸುತ್ತು ಹಾಕುತ್ತಾ ಹೋದರು. ಎಲ್ಲ ಸುತ್ತಿನ ಒಳಗೂ ನನ್ನದೇ ಹೆಸರು. ಹದಿನಾಲ್ಕು ದಿನದಲ್ಲಿ ಹನ್ನೊಂದು ರಾತ್ರಿ ನಾನೇ. ಎರಡು ದಿನ ರಾತ್ರಿಯೂ ನಾನೇ, ಮರುದಿನ ಬೆಳಿಗ್ಗೆಯೂ ನಾನೇ.

"ಇದು ಡ್ಯೂಟಿ ಚಾರ್ಟಲ್ಲ, ಹರಕೆ ಪಟ್ಟಿ" ಎಂದರು. "ಯಾವ ದೈವಕ್ಕೆ ಹೇಳಿಕೊಂಡದ್ದು?"

ಪಕ್ಕದಲ್ಲಿದ್ದ ನರ್ಸ್ ಭವಿತಾ ಕಿಸಕ್ಕೆಂದಳು. ನನಗೆ ಕಿವಿಯ ತನಕ ಬಿಸಿ.

"ಅಲ್ಲ ಸಿಸ್ಟರ್, ಅವರನ್ನು ಕೇಳಿದ್ರೆ ಬೇಸರ ಮಾಡ್ಬಹುದು ಅಂತ..."

"ಮಾಡ್ಲಿ. ಬೇಸರಕ್ಕೆ ಇಂಜೆಕ್ಷನ್ ಬೇಡ, ತಾನೇ ಇಳೀತದೆ. ಹೋಗಿ ಕೇಳು."

ಕೇಳುವುದೇ ನನಗೆ ಬಾರದ ಕೆಲಸ. ಕೇಳುವುದಕ್ಕಿಂತ ಹನ್ನೊಂದು ರಾತ್ರಿ ಎಚ್ಚರ ಕೂರುವುದು ಸುಲಭ. ಬಸ್ಸಿನಿಂದ ಅತ್ತೆಗೆ ಫೋನ್ ಮಾಡಿದೆ. ಗ್ಯಾಸ್ ಆಫ್ ಉಂಟಂತೆ.

ಮೇ 9, ಶುಕ್ರವಾರ

ಕೇಳಿದೆ. ಮೊದಲು ಭವಿತಾಳನ್ನು. ಅವಳಿಗೆ ಮದುವೆಯಾಗಿ ಐದು ತಿಂಗಳು, ಹಾಗಾಗಿ ಭಾನುವಾರಗಳನ್ನೆಲ್ಲ ಬಿಟ್ಟುಕೊಟ್ಟಿದ್ದೆ. ಒಂದು ಭಾನುವಾರವಾದರೂ ಆದೀತಾ ಎಂದೆ.

"ಎರಡೂ ಕೊಡಿ ವಾರಿಜಕ್ಕ. ಭಾನುವಾರ ಮನೇಲಿದ್ರೆ ನೆಂಟರಿಗೆ ಚಾ ಮಾಡಿಯೇ ಮುಗೀತದೆ. ಡ್ಯೂಟಿಯೇ ಆರಾಮ."

ಅಮೀರಾ ರಾತ್ರಿ ಪಾಳಿಗೆ ತಯಾರು. ಬೆಳಿಗ್ಗೆ ಮನೆಗೆ ಹೋಗಲು ಬಸ್ಸು ಉಂಟಲ್ಲ, ಅವಳಿಗೆ ಕಷ್ಟ ಇರುವುದು ಸಂಜೆಯದ್ದು ಮಾತ್ರ. ಯಶಸ್ವಿ ಪುತ್ತೂರಿನಲ್ಲೇ ಕೋಣೆ ಮಾಡಿಕೊಂಡಿರುವವಳು, ಅವಳಿಗೆ ಯಾವುದಾದರೂ ಆಗುತ್ತದೆ. ಯಾರೂ ಬೇಸರ ಮಾಡಲಿಲ್ಲ. ಹಾಗಾದರೆ ಇಷ್ಟು ವರ್ಷ ನಾನು ಯಾರ ಬೇಸರಕ್ಕೆ ಹೆದರಿದ್ದು ಎಂದು ಯೋಚಿಸುತ್ತಾ ಬಸ್ಸು ತಿಂಗಳಾಡಿ ದಾಟಿದ್ದೇ ಗೊತ್ತಾಗಲಿಲ್ಲ.

ಚಾರ್ಟಿನಲ್ಲಿ ನನ್ನ ಹೆಸರು ಈಗ ಐದು ಕಡೆ.

ಮೇ 14, ಬುಧವಾರ

ವಿಶೇಷ ಏನಿಲ್ಲ. ಆಮ್ಲಜನಕದ ಸಿಲಿಂಡರಿನ ಕೀ ದಾರ ಕಟ್ಟಿ ಮೊಳೆಗೆ ನೇತು ಹಾಕಿದೆ. ಹತ್ತು ವರ್ಷದಿಂದ ಅದನ್ನು ಹುಡುಕುವುದೇ ಆಗಿತ್ತು.

ಮೇ 17, ಶನಿವಾರ

ಹಗಲು ಡ್ಯೂಟಿ. ಬಂದ ಮೇಲೆ ಇವರ ಖಾಕಿ ಅಂಗಿಗೆ ಇಸ್ತ್ರಿ ಹಾಕಿದೆ, ನಾಳೆ ಇವರ ಗಾಡಿ ಮದುವೆ ದಿಬ್ಬಣಕ್ಕಂತೆ, ಕಾಲರು ನೆಟ್ಟಗಿರಬೇಕಂತೆ. ಎಷ್ಟು ಶೋಕಿ ಈ ಗಂಡಸರಿಗೆ.

ನಾಳೆಯ ಬೆಳಗಿನ ಪಾಳಿ ಬಹಳ ಚಂದ ಕೂತಿದೆ. ನಾನು, ಭವಿತಾ, ಅಮೀರಾ, ಮೂವರೂ ಒಂದೇ ದಾರಿಯವರು, ಒಂದೇ ಬಸ್ಸು, ಏಳೂವರೆಗೆ ಮೂವರೂ ಒಟ್ಟಿಗೆ ವಾರ್ಡಿನಲ್ಲಿ. ಒಬ್ಬರಿಗಾಗಿ ಒಬ್ಬರು ಕಾಯುವುದು ಬೇಡ. ಏಲಿಯಮ್ಮ ಸಿಸ್ಟರಿಗೂ ಇದು ಹೊಳೆದಿರಲಿಕ್ಕಿಲ್ಲ.

ಮೇ 18, ಭಾನುವಾರ

ಕೈಯಿಂದ ಇನ್ನೂ ಮಲ್ಲಿಗೆ ವಾಸನೆ ಬರುತ್ತಿದೆ. ಮೊದಲಿನಿಂದ ಬರೆಯುತ್ತೇನೆ.

ಆರೂ ನಲವತ್ತಕ್ಕೆ ಬೆಳ್ಳಾರೆ ಬಸ್‌ಸ್ಟ್ಯಾಂಡಿನಲ್ಲಿ ನಾನು ಮತ್ತು ಭವಿತಾ. ಬಸ್ಸು ಇಲ್ಲ. ಆರೂ ಐವತ್ತು ಆಯಿತು, ಇಲ್ಲ. ಹೂವಿನ ಅಂಗಡಿಯವನು ನಮ್ಮನ್ನು ನೋಡಿ, "ಎಂತ ಸಿಸ್ಟರ್, ಬಸ್ಸಿಗಾ? ಇವತ್ತು ಮುಹೂರ್ತ ಅಲ್ವಾ. ಮೂರು ಗಾಡಿಯೂ ಸ್ಪೆಷಲ್ ಟ್ರಿಪ್ಪಿಗೆ ಹೋಗಿದೆ. ಇನ್ನು ಸರಕಾರಿ ಬಸ್ಸೇ, ಎಂಟೂ ಕಾಲಿಗೆ" ಎಂದ.

ಮೇ ತಿಂಗಳಲ್ಲಿ ಭಾನುವಾರ ಬಸ್ಸುಗಳು ದಿಬ್ಬಣಕ್ಕೆ ಹೋಗುತ್ತವೆ ಎಂಬುದು ಈ ಊರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನಾನು ಕಂಡಕ್ಟರನ ಹೆಂಡತಿ. ನಿನ್ನೆ ಅದೇ ದಿಬ್ಬಣದ ಅಂಗಿಗೆ ಇಸ್ತ್ರಿ ಹಾಕಿದವಳೂ ನಾನೇ. ಇಡೀ ಬೆಳಗಿನ ಪಾಳಿಯನ್ನು ಒಂದೇ ಬಸ್ಸಿನಲ್ಲಿ ಕೂರಿಸಿ, ಆ ಬಸ್ಸನ್ನು ಮದುವೆಗೆ ಕಳಿಸಿದ್ದೇನೆ.

ರಿಕ್ಷಾ ಮಾಡಿ ನಾನೊಬ್ಬಳೇ ಓಡುವುದು, ಮೂವರ ಕೆಲಸ ಮಾಡುವುದು ಎಂದು ಹೊರಟೆ. ಭವಿತಾ ನನ್ನ ಚೀಲ ಹಿಡಿದಳು. "ಪುನಃ ಹರಕೆ ಪಟ್ಟಿಯಾ ವಾರಿಜಕ್ಕ? ಫೋನ್ ಮಾಡಿ."

ಮೊದಲು ರಾತ್ರಿ ಪಾಳಿಯಲ್ಲಿದ್ದ ಯಶಸ್ವಿಗೆ ಮಾಡಿದೆ. ಅರ್ಧ ಗಂಟೆಯೋ ಒಂದು ಗಂಟೆಯೋ ಹೆಚ್ಚು ನಿಲ್ಲಬೇಕು, ತಪ್ಪು ನನ್ನದು, ಎಷ್ಟಾಯಿತೋ ಅಷ್ಟು ನಾಳೆ ನಿನಗೆ ವಾಪಸು ಎಂದೆ. ಮುಗಿಯಿತು ಎಂದುಕೊಂಡೆ.

"ಎಂಟು ವರ್ಷದಲ್ಲಿ ನೀವು ನನ್ನ ಹತ್ರ ನಿಮಗೋಸ್ಕರ ಒಂದು ಉಪಕಾರ ಕೇಳಿದ್ದು ಇದೇ ಮೊದಲು" ಎಂದಳು. "ನಿಧಾನ ಬನ್ನಿ."

ಆಮೇಲೆ ಇವರಿಗೆ.

"ದಿಬ್ಬಣ ಎಲ್ಲಿಗೆ?"

"ಪುತ್ತೂರಿನ ಹಾಲಿಗೆ. ಈಗ ಹೊರಡುದು. ಯಾಕೆ, ಮದುವೆಗೆ ಬರ್ತೀಯಾ?"

"ಸೀಟು ಉಂಟಾ?"

"ನನ್ನನ್ನು ಕೇಳಿದ್ರೆ ಆಗುದಿಲ್ಲ. ಇವತ್ತು ಗಾಡಿ ತ್ಯಾಂಪಣ್ಣಣ್ಣಂದು, ಮದುಮಗನ ಸೋದರಮಾವ. ತಕೋ, ನೀನೇ ಕೇಳು."

ಫೋನನ್ನು ಅವರ ಕೈಗೆ ಕೊಟ್ಟೇಬಿಟ್ಟರು. ಗುರುತು ಪರಿಚಯ ಇಲ್ಲದ ಮನುಷ್ಯ, ಮದುವೆಯ ಅವಸರ. ನನಗೆ ಹೇಗೆ ಮಾತು ಹೊರಟಿತೋ ಗೊತ್ತಿಲ್ಲ. ವಾರ್ಡಿನಲ್ಲಿ ಇಪ್ಪತ್ತಾರು ಜನ ರೋಗಿಗಳಿದ್ದಾರೆ, ಮೂವರು ನರ್ಸುಗಳು ದಾರಿಯಲ್ಲಿದ್ದೇವೆ ಎಂದೆ.

"ಬನ್ನಿ ಮಾರಾಯ್ರೆ, ಅದಕ್ಕೆಂತ. ಆದ್ರೆ ನನ್ನ ಬಿ.ಪಿ. ಒಮ್ಮೆ ನೋಡ್ಬೇಕು. ಅಳಿಯನ ಮದುವೆ ಅಂತ ಒಂದು ವಾರದಿಂದ ತಲೆ ತಿರುಗ್ತಾ ಉಂಟು."

ಗಾಜಿಗೆಲ್ಲ ಹೂವಿನ ಮಾಲೆ ಕಟ್ಟಿದ ಬಸ್ಸು ಬಂದು ನಮ್ಮ ಎದುರು ನಿಂತಿತು. ಜರಿ ಸೀರೆಗಳ ಮಧ್ಯೆ ಬಿಳಿ ಕೋಟಿನ ನಾವು. ಇವರು ಬಾಗಿಲಲ್ಲಿ ನಿಂತು, ಇಸ್ತ್ರಿ ಹಾಕಿದ ಕಾಲರು ಎತ್ತಿಕೊಂಡು, "ಮುಂದೆ ಹೋಗಿ, ಮುಂದೆ ಹೋಗಿ" ಎಂದರು. ತಿಂಗಳಾಡಿಯಲ್ಲಿ ಅಮೀರಾ ಹತ್ತಿದಳು. ಮದುಮಗನ ಅಜ್ಜಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಗಂಡಿನ ಕಡೆಯವಳಾ ಹೆಣ್ಣಿನ ಕಡೆಯವಳಾ ಎಂದು ಕೇಳಿದರು.

"ಎರಡೂ ಅಲ್ಲ ಅಜ್ಜಿ. ಪೇಶೆಂಟಿನ ಕಡೆಯವಳು."

ಬಸ್ಸಿಡೀ ನಗು. ಅಜ್ಜಿ ಮೂವರಿಗೂ ಒಂದೊಂದು ತುಂಡು ಮಲ್ಲಿಗೆ ಕೊಟ್ಟರು. ಕುಂಬ್ರ ದಾಟುವ ಹೊತ್ತಿಗೆ ನಾನು ತ್ಯಾಂಪಣ್ಣನವರ ನಾಡಿ ನೋಡಿ, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದೆ. ಏನೂ ತಿಂದಿರಲಿಲ್ಲ. ಎರಡು ಬಾಳೆಹಣ್ಣು ತಿನ್ನಿಸಿದೆ, ತಲೆ ತಿರುಗುವುದು ನಿಂತಿತು. ಆದರೂ ನಾಳೆಯೇ ಬಂದು ಬಿ.ಪಿ. ತೋರಿಸಬೇಕು ಎಂದು ಹೇಳಿದ್ದೇನೆ.

ಆಸ್ಪತ್ರೆಯ ಗೇಟಿನಲ್ಲಿ ಇಳಿಯುವಾಗ ಎಂಟು ಗಂಟೆ ಐದು ನಿಮಿಷ. ವಾರ್ಡಿನಲ್ಲಿ ತಲೆಗೆ ಹೂ ಮುಡಿಯುವ ಹಾಗಿಲ್ಲ. ಮೂರು ತುಂಡನ್ನೂ ಕೌಂಟರಿನ ಮೇಲೆ ಒಂದು ಸ್ಟೀಲ್ ಟ್ರೇಯಲ್ಲಿ ಇಟ್ಟೆವು.

ಮೇ 20, ಮಂಗಳವಾರ

ಭಾನುವಾರದ್ದನ್ನು ಯಾರಾದರೂ ಹೇಳುವ ಮೊದಲು ನಾನೇ ರಿಜಿಸ್ಟರಿನಲ್ಲಿ ಬರೆದಿದ್ದೆ. ಕನ್ನಡದಲ್ಲೇ ಬರೆದೆ, ಬೇರೆ ದಾರಿ ಇರಲಿಲ್ಲ. ಮೂವತ್ತೈದು ನಿಮಿಷ ತಡ. ತಪ್ಪು ಚಾರ್ಟ್ ಮಾಡಿದವಳದ್ದು. ಇನ್ನು ಮುಂದೆ ಚಾರ್ಟ್ ಮಾಡುವ ಮೊದಲು ಪಂಚಾಂಗದಲ್ಲಿ ಮದುವೆ ಮುಹೂರ್ತ ನೋಡಬೇಕು, ಒಂದು ಪಾಳಿಯ ಎಲ್ಲರನ್ನೂ ಒಂದೇ ದಾರಿಯಿಂದ ಹಾಕಬಾರದು.

ಇವತ್ತು ದೊಡ್ಡ ಡಾಕ್ಟ್ರು ಕರೆದರು. ಎದುರಿಗೆ ಅದೇ ರಿಜಿಸ್ಟರ್. ನನ್ನನ್ನು ಬೇಡ ಎನ್ನುತ್ತಾರೆ, ಒಂದು ಚಿಂತೆ ಹೋಯಿತು ಎಂದುಕೊಂಡು ಒಳಗೆ ಹೋದೆ. ಆದರೆ ಹಾಗೆ ಅಂದುಕೊಳ್ಳುವಾಗ ಯಾಕೋ ಸಂತೋಷ ಆಗಲಿಲ್ಲ.

"ತಡವಾದದ್ದು ನನಗೆ ಹೊಸತಲ್ಲ" ಎಂದರು. "ಎಂತಕ್ಕೆ ತಡ, ಮುಂದೆ ಎಂತ ಮಾಡುದು ಅಂತ ಬರೆದದ್ದು ಹೊಸತು. ಪಂಚಾಂಗ ನಾನು ತರಿಸ್ತೇನೆ. ಸಂಬಳ ಮಾತ್ರ ಹೇಳಿದಷ್ಟೇ, ಈ ವರ್ಷ ಹೆಚ್ಚು ಮಾಡ್ಲಿಕ್ಕೆ ಆಗುದಿಲ್ಲ."

"ಸಂಬಳ ಇರ್ಲಿ ಡಾಕ್ಟ್ರೆ" ಎಂದೆ. ಇರಲಿ ಎಂದದ್ದು ಯಾಕೆ ಎಂದು ಈಗ ಬರೆಯುವಾಗ ಹೆದರಿಕೆ ಆಗುತ್ತಿದೆ. "ನಮ್ಮ ಲ್ಯಾಬಿನ ಓಮ್ನಿ ವ್ಯಾನನ್ನು ಡ್ರೈವರ್ ಮೊಯ್ದೀನ್ ದಿನಾ ಮನೆಗೆ ತಕೊಂಡು ಹೋಗ್ತಾರೆ, ತಿಂಗಳಾಡಿಗೆ. ಎಂಟೂ ಕಾಲಿಗೆ ಹೊರಡುದು, ಖಾಲಿ. ಸೆಕೆಂಡ್ ಶಿಫ್ಟಿನ ಹುಡುಗಿಯರು ಆ ದಾರಿಯವರಿದ್ರೆ ಅದರಲ್ಲಿ ಹೋಗ್ಲಿ. ಏಳೂವರೆಗೆ ಯಾರನ್ನೂ ಬಿಡುದು ಬೇಡ, ವಾರ್ಡಿಗೂ ತೊಂದರೆ ಇಲ್ಲ."

"ಅದು ಖಾಲಿ ಹೋಗ್ತದೆ ಅಂತ ನಿಮಗೆ ಹೇಗೆ ಗೊತ್ತು?"

"ನಾನು ರಾತ್ರಿ ಪಾಳಿಯಲ್ಲಿರುವಾಗ ವಾರ್ಡಿನ ಕಿಟಕಿಯಿಂದ ಕಾಣ್ತದೆ, ಗೇಟು ದಾಟುದು. ಹನ್ನೊಂದು ವರ್ಷದಿಂದ."

ಅವರು ಮೊಯ್ದೀನಿಗೆ ಆಗಲೇ ಫೋನ್ ಮಾಡಿದರು.

ಹೊರಗೆ ಅಮೀರಾ ನಿಂತಿದ್ದಳು. ಹೇಳಿದೆ. ನನ್ನ ಕೋಟಿನ ಬಟನ್ ಒಂದು ಬಿಚ್ಚಿಕೊಂಡಿತ್ತು, ಅದನ್ನು ಹಾಕಿ ಹೋದಳು.

ಮೇ 22, ಗುರುವಾರ

ನಾಳೆ ಕಡೆಯ ದಿನ. ಸಮೀಕ್ಷಾಳ ಹತ್ತಿರ ಮಾತಾಡಲೇ ಬೇಕಿತ್ತು. ಒಪ್ಪಿದರೆ ಸ್ಕೂಟರ್ ಈ ವರ್ಷ ಇಲ್ಲ ಎಂದೆ.

ಅವಳು ಮೊಬೈಲಿನಲ್ಲಿ ಸ್ಕೂಟರಿನ ಬಣ್ಣಗಳನ್ನು ನೋಡಿದಳು. ಆಮೇಲೆ, "ನೀಲಿ ಹೋಗ್ಬಹುದು, ಬರುವ ವರ್ಷ ಹಸುರು ಬರ್ತದಂತೆ" ಎಂದಳು. ಮತ್ತೆ ಅಂದದ್ದು: "ಇನ್ನು ರಾತ್ರಿ ಊಟಕ್ಕೆ ನೀನು ಇರ್ತೀಯಲ್ಲ ದಿನಾ? ಅಪ್ಪನ ಬಸ್ಸಿನ ಕತೆ ನಾನೊಬ್ಬಳೇ ಕೇಳಿ ಸಾಕಾಗಿದೆ."

ಅತ್ತೆ ಒಳಗಿನಿಂದಲೇ ಕೇಳಿದರು. "ವಾರಿಜ, ಎಂತ ನೀನು ಗ್ಯಾಸಿನ ಫೋನು ಮಾಡದೆ ಎಂಟು ದಿನ ಆಯ್ತಲ್ಲ? ಹುಷಾರಿದ್ದಿಯಲ್ಲ?"

ಎಂಟು ದಿನವೇ? ಲೆಕ್ಕ ಹಾಕಿ ನೋಡಿದೆ, ಹೌದು. ಈಗ ಅದೇ ಒಂದು ಚಿಂತೆ. ಇಷ್ಟು ದಿನ ಯಾರು ನೋಡಿದ್ದು ಗ್ಯಾಸನ್ನು?

ಮೇ 23, ಶುಕ್ರವಾರ

ಹೇಳಿದೆ. ಹೌದು ಎಂದು.

ಮೇ 29, ಗುರುವಾರ

ಜೂನ್ ತಿಂಗಳ ಚಾರ್ಟ್. ಪಂಚಾಂಗ ಒಂದು ಕಡೆ, ಬಸ್ಸಿನ ಟೈಮು ಇನ್ನೊಂದು ಕಡೆ ಇಟ್ಟುಕೊಂಡು ಮಾಡಿದೆ. ಬಕ್ರೀದ್ ಒಂದು ದಿನ ಆಚೆ ಈಚೆ ಆಗಬಹುದು ಎಂದು ಅಮೀರಾಳಿಗೆ ಎರಡು ದಿನ ರಜೆ. ಭವಿತಾಳಿಗೆ ಭಾನುವಾರಗಳೆಲ್ಲ ಡ್ಯೂಟಿ. ಸಮೀಕ್ಷಾ ಅದನ್ನು ಕಂಪ್ಯೂಟರಿನಲ್ಲಿ ಹಾಕಿಕೊಟ್ಟಳು, ಎರಡು ಸಾಲು ನನ್ನ ಕೈಯಿಂದಲೂ ಹಾಕಿಸಿದಳು. ಬೆರಳು ಬೆವರಿತು, ಆದರೆ ಬಂತು.

ಏಲಿಯಮ್ಮ ಸಿಸ್ಟರ್ ಕೆಂಪು ಪೆನ್ನು ಹಿಡಿದು ಮೇಲಿನಿಂದ ಕೆಳಗೆ ನೋಡಿದರು. ಎಲ್ಲಿಯೂ ಸುತ್ತು ಹಾಕಲಿಲ್ಲ. ಪೆನ್ನಿಗೆ ಕ್ಯಾಪ್ ಹಾಕಿ ನನ್ನ ಜೇಬಿಗೆ ಸಿಕ್ಕಿಸಿದರು. "ಇದು ಕುರ್ಚಿಯ ಜೊತೆಗೆ ಬರುವಂಥದ್ದು." ಆಮೇಲೆ ಮೊಣಕಾಲು ಹಿಡಿದುಕೊಂಡು ಮೆಲ್ಲ ಎದ್ದು, ನನಗೆ ಕೂರಲು ಹೇಳಿದರು. ನಾನು ತುದಿಯಲ್ಲಿ ಕೂತೆ. "ಸರಿ ಕೂರು ಮೋಳೇ, ಮುರಿಯುದಿಲ್ಲ" ಎಂದರು.

ಸಂಜೆ ಚಾರ್ಟನ್ನು ನೋಟೀಸ್ ಬೋರ್ಡಿಗೆ ಹಚ್ಚುವಾಗ ಹುಡುಗಿಯರೆಲ್ಲ ಸುತ್ತ ಸೇರಿದರು. ಅಮೀರಾ ಬೆರಳಿಟ್ಟು ಒಂದನೇ ತಾರೀಕಿನಿಂದ ಮೂವತ್ತರ ತನಕ ಓದಿದಳು. ಪುನಃ ಓದಿದಳು.

"ವಾರಿಜಕ್ಕ, ನಿಮ್ಮ ಹೆಸರೇ ಬಿಟ್ಟು ಹೋಗಿದೆ."

ನಾನೂ ಹುಡುಕಿದೆ. ಮತ್ತೆ ಕಂಡಿತು.

"ಕೆಳಗೆ ನೋಡು" ಎಂದೆ. "ಸಹಿಯ ಜಾಗದಲ್ಲಿ ಉಂಟು."